ಒಂದೇ ಸಲ ಬಂದು ಹೋದವರು

ಓದುಗರ ಪತ್ರ: "ಸರ್, ನಾನು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಆಪ್ತಸಮಾಲೋಚಕಿ. ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ 2 ವರ್ಷವಾಯಿತು. ಹೋದ ತಿಂಗಳು ಸುಮ್ನೆ ರಿಜಿಸ್ಟರ್ ತಿರುವಿ ಹಾಕಿದೆ. ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಎರಡನೇ ಸಲ ಬಂದೇ ಇಲ್ಲ. ನನಗೆ ಥೆರಪಿ ಮಾಡಲು ಬರುವುದಿಲ್ಲವೇನೋ ಅನಿಸಿ ನಿದ್ದೆ ಕೆಡುತ್ತಿದೆ. 2 ದಿನದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಕೋರ್ಸ್ ಒಂದಿದೆ, 8,000 ರೂಪಾಯಿ ಫೀಸು. ಸೇರಲೇ? ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ತಂಗಿ, ಕೋರ್ಸಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಆ ರಿಜಿಸ್ಟರ್ ನೋಡೋಣ.

ಮೋಶೆ ಟಾಲ್ಮನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೈಸರ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಅವರೂ ನಿಮ್ಮ ಹಾಗೆಯೇ ಲೆಕ್ಕ ತೆಗೆದರು. ಯಾರು ಎಷ್ಟು ಸಲ ಬಂದರು ಅಂತ ನೋಡಿದರೆ, ಒಂದೇ ಸಲ ಬಂದು ಹೋದವರ ಸಂಖ್ಯೆಯೇ ಎಲ್ಲಕ್ಕಿಂತ ದೊಡ್ಡದು. ಅವರೊಬ್ಬರ ಕಥೆಯಲ್ಲ, ಜೊತೆಗಿದ್ದ ಬೇರೆ ಥೆರಪಿಸ್ಟುಗಳದ್ದೂ ಅದೇ. ಅವರೂ ಹೆದರಿದರು. ಆದರೆ ಆಮೇಲೆ ಒಂದು ಕೆಲಸ ಮಾಡಿದರು: ಮತ್ತೆ ಬಾರದ ತಮ್ಮ ರೋಗಿಗಳಿಗೆ ಫೋನ್ ಮಾಡಿ ಯಾಕೆ ಬರಲಿಲ್ಲ ಅಂತ ಕೇಳಿದರು. ಹೆಚ್ಚಿನವರು ಹೇಳಿದ್ದು, ನಮಗೆ ಬೇಕಾದದ್ದು ಆವತ್ತೇ ಸಿಕ್ಕಿತ್ತು ಅಂತ.

ಹಾಗಂತ ನೀವು ಇಷ್ಟು ಕೇಳಿ ನೆಮ್ಮದಿಯಾಗಿ ಕೂರಬಾರದು. ನಮ್ಮ ಕಡೆ ಬಾರದಿರಲು ಬೇರೆ ಕಾರಣಗಳೂ ಇವೆ. ನಾಟಿ ಹಂಗಾಮಿನಲ್ಲಿ ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಅತ್ತೆಗೆ ಏನು ಹೇಳಿ ಬರಬೇಕು? ಬಸ್ಸಿನ ದುಡ್ಡು ಯಾರನ್ನು ಕೇಳಬೇಕು? ಮತ್ತೆ ಕೆಲವರು ನಮ್ಮ ತಪ್ಪಿನಿಂದಲೇ ಬರುವುದಿಲ್ಲ. ಈ ಮೂರು ಥರದವರು ನಿಮ್ಮ ರಿಜಿಸ್ಟರಿನಲ್ಲಿ ಒಂದೇ ಥರ ಕಾಣುತ್ತಾರೆ, ಅದೇ ಕಷ್ಟ.

ನನ್ನ ತಪ್ಪಿನಿಂದ ಬಾರದೆ ಹೋದ ಒಬ್ಬರನ್ನು ನಾನು ಮರೆತಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತು, ರಾಯಚೂರು ಜಿಲ್ಲೆಯ ಒಂದು ಆಸ್ಪತ್ರೆ. ಸಿಂಧನೂರು ಕಡೆಯ ಹೆಣ್ಣುಮಗಳು, ನಲವತ್ತರ ಆಸುಪಾಸು, ತೊಡೆಯ ಮೇಲೆ ಬಟ್ಟೆಯ ಕೈಚೀಲ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. "ಎದಿ ಉರಿ ಉರಿ ಅಂತೈತ್ರಿ ಸರ, ನಿದ್ದಿ ಬರಂಗಿಲ್ಲ" ಅಂದರು. ನನ್ನ ಮುಂದೆ 4 ಪುಟದ ಫಾರಂ ಇತ್ತು. ನಾನು ತಲೆ ತಗ್ಗಿಸಿ ಬರೆಯುತ್ತಾ ಹೋದೆ. ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ, ಎಷ್ಟು ಜನ ಅಣ್ಣತಮ್ಮಂದಿರು, ಹೆರಿಗೆ ಎಷ್ಟು, ಶಾಲೆ ಎಷ್ಟನೇ ಇಯತ್ತೆ. ಮೂರನೇ ಪುಟಕ್ಕೆ ಬರುವ ಹೊತ್ತಿಗೆ ಅವರು ಗೋಡೆ ಗಡಿಯಾರ ನೋಡಿ, "ಸರ, ಎರಡೂವರಿ ಬಸ್ಸಿಗಿ ಹೋಗಬೇಕ್ರಿ" ಅಂದರು. ಮುಂದಿನ ವಾರ ಬನ್ನಿ ಅಂದೆ. ಬರಲಿಲ್ಲ. ಆ ತಾಯಿಯ ಅಣ್ಣತಮ್ಮಂದಿರು ಎಷ್ಟು ಅಂತ ಇವತ್ತೂ ನೆನಪಿದೆ. ಅವರು ಯಾಕೆ ಬಂದಿದ್ದರು ಅನ್ನೋದು ನನಗೆ ಗೊತ್ತೇ ಇಲ್ಲ. ಅರ್ಧ ದಿನದ ಕೂಲಿ ಬಿಟ್ಟು ಬಂದವರಿಗೆ ನಾನು ಏನನ್ನೂ ಕೊಡದೆ ಕಳಿಸಿದೆ.

ಅದಕ್ಕೇ ಹೇಳುತ್ತೇನೆ, ಮೊದಲ ಭೇಟಿಯನ್ನೇ ಕೊನೆಯ ಭೇಟಿ ಅಂದುಕೊಂಡು ಕೂರಿ. ಫಾರಂ ತುಂಬಲೇಬೇಕು, ಮೇಲಿನವರು ಕೇಳುತ್ತಾರೆ, ನಿಜ. ಆದರೆ ಅದನ್ನು ಕೊನೆಯ 10 ನಿಮಿಷಕ್ಕೆ ಇಟ್ಟುಕೊಳ್ಳಿ. ಮೊದಲು ಕೇಳಬೇಕಾದದ್ದು, "ಇವತ್ತು ಇಲ್ಲಿಂದ ಹೋಗುವಾಗ ಏನಾದರೆ ಬಂದದ್ದಕ್ಕೂ ಒಳ್ಳೇದಾಯಿತು ಅನಿಸುತ್ತದೆ?" ಕೆಲವರು ನಿದ್ದೆ ಬರಬೇಕು ಅನ್ನುತ್ತಾರೆ. ಕೆಲವರು ಮಗನ ಮೇಲೆ ಕೈ ಎತ್ತಬಾರದು ಅನ್ನುತ್ತಾರೆ. ಒಬ್ಬರು ನನಗೆ "ಯಾರ ಮುಂದಾದ್ರೂ ಒಂದು ಸಲ ಅತ್ತು ಹೋಗಬೇಕಿತ್ರಿ" ಅಂದಿದ್ದರು. ಅವರಿಗೆ ಸಿಬಿಟಿ ಬೇಕಿರಲಿಲ್ಲ ಅಲ್ವಾ?

ಇನ್ನೊಂದು, ಅವರ ಮಾತನ್ನು ತಕ್ಷಣ ನಮ್ಮ ಮಾತಿಗೆ ಬದಲಿಸಬೇಡಿ. ಎದೆ ಉರಿ, ತಲೆ ಭಾರ, ಕೈಕಾಲು ಜುಮು ಜುಮು ಅಂದವರಿಗೆ "ನಿಮಗೆ ಖಿನ್ನತೆ" ಅಂದರೆ ಅವರು ಹುಚ್ಚು ಅಂತಲೇ ಕೇಳಿಸಿಕೊಳ್ಳುತ್ತಾರೆ. ಉರಿ ಅಂದರೆ ಉರಿ ಅಂತಲೇ ಮಾತಾಡಿ: ಉರಿ ಯಾವಾಗ ಜಾಸ್ತಿ, ಯಾರು ಮನೆಗೆ ಬಂದಾಗ, ಯಾವ ಹೊತ್ತಿಗೆ ಕಡಿಮೆ. ಹಾಗೆಯೇ ಸುಸ್ತು, ಎದೆ ಢವಢವ ಅಂದರೆ ರಕ್ತಹೀನತೆ ಮತ್ತು ಥೈರಾಯ್ಡ್ ನೋಡಿದ್ದಾರಾ ಅಂತ ಡಾಕ್ಟರನ್ನು ಕೇಳಲು ಮರೆಯಬೇಡಿ. ಮೈಯ ಕಾಯಿಲೆಗೆ ಕೌನ್ಸೆಲಿಂಗ್ ಮಾಡುತ್ತಾ ತಿಂಗಳು ಕಳೆದವರು ನಮ್ಮಲ್ಲಿದ್ದಾರೆ.

ಒಂದೇ ಭೇಟಿಯಲ್ಲೂ ಬಿಡಬಾರದ ಪ್ರಶ್ನೆ ಒಂದಿದೆ. ಸಾಯಬೇಕು ಅನಿಸುತ್ತದಾ ಅಂತ ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವ ಹೆದರಿಕೆ ಬಹಳ ಜನರಿಗಿದೆ, ಅದು ಸುಳ್ಳು ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. "ಜೀವ ಬ್ಯಾಸರಾಗಿ ಸತ್ತು ಹೋಗಬೇಕು ಅನಸ್ತದೇನವ್ವ?" ಅಂತ ಕೇಳಿದರೆ ಬಹಳ ಮಂದಿ ಉಸಿರು ಬಿಟ್ಟು, ಮೊದಲ ಸಲ ನಮ್ಮ ಮುಖ ನೋಡುತ್ತಾರೆ. ಉತ್ತರ ಬಂದಾಗ ಕಿವಿ ಚುರುಕಾಗಿರಬೇಕು. ನಮ್ಮ ಕಡೆ "ಎಣ್ಣಿ" ಅಂದರೆ ಅಡುಗೆಯದೂ ಹೌದು, ಕುಡಿತದ್ದೂ ಹೌದು, ಹೊಲಕ್ಕೆ ಹೊಡೆಯುವ ಔಷಧಿಯೂ ಹೌದು. ಬೇರೆ ಕಡೆಯಿಂದ ಬಂದ ಕೌನ್ಸೆಲರ್ ಹುಡುಗನೊಬ್ಬ, ರೋಗಿ "ಎಣ್ಣಿ ತಗೋಬೇಕನಸ್ತದ" ಅಂದದ್ದನ್ನು ಮದ್ಯಪಾನದ ಸಮಸ್ಯೆ ಅಂತ ಬರೆದುಕೊಂಡಿದ್ದ. ಪುಣ್ಯಕ್ಕೆ ಪಕ್ಕದಲ್ಲಿದ್ದ ನರ್ಸ್ ಕೇಳಿಸಿಕೊಂಡರು.

ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಮನೆಯಲ್ಲಿ ಆ ಔಷಧಿ ಡಬ್ಬಿ ಎಲ್ಲಿದೆ ಅಂತ ಕೇಳಿ. ಮಂಚದ ಕೆಳಗಾ, ಅಟ್ಟದ ಮೇಲಾ, ಬೀಗ ಇದೆಯಾ? ಜೊತೆಗೆ ಬಂದವರು ಇದ್ದರೆ, ರೋಗಿಯ ಒಪ್ಪಿಗೆ ಕೇಳಿ, ಇವತ್ತೇ ಅದನ್ನು ಬೇರೆಯವರ ಮನೆಯಲ್ಲಿ ಇಡುವ ಮಾತಾಡಿ. ಸಾಯಬೇಕು ಅನ್ನುವ ತೀವ್ರ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಬಂದ್ ಮಾಡಿದ ಮೇಲೆ, 1995ರಿಂದ ಹತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಆಮೇಲೆ ಒಂದು ಚೀಟಿಯಲ್ಲಿ ಅವರ ಮಾತಿನಲ್ಲೇ ಬರೆದುಕೊಡಿ: ಮನಸ್ಸು ಕೆಡುವ ಮುಂಚೆ ಏನಾಗುತ್ತದೆ, ಆಗ ನಾನೇ ಏನು ಮಾಡಬಹುದು, ಯಾರ ಮನೆಗೆ ಹೋಗಬಹುದು, ಯಾರಿಗೆ ಫೋನ್ ಮಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊನೆಗೆ ಇರಲಿ. ಫೋನ್ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಓದಲು ಬಾರದವರಿಗೆ ಚೀಟಿ ಬೇಡ, ಬಾಯಲ್ಲಿ ಮೂರು ಸಲ ಹೇಳಿಸಿ. ಹಿಂದೆ ಒಮ್ಮೆ ಪ್ರಯತ್ನ ಮಾಡಿದವರು ಪೊಲೀಸ್ ಕೇಸಿಗೆ ಹೆದರಿ ಬಾಯಿ ಬಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಅವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತ ನೋಡುತ್ತದೆ, ಶಿಕ್ಷೆ ಕೊಡುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಿ. ಇಂಥವರನ್ನು, ಮತ್ತೆ ಯಾರೋ ಮಾತಾಡಿದ ಹಾಗೆ ಕೇಳಿಸುತ್ತದೆ ಅನ್ನುವವರನ್ನು, ಒಂದೇ ಭೇಟಿಗೆ ಬಿಡುವ ಹಾಗಿಲ್ಲ. ಮನೋವೈದ್ಯರ ಹತ್ತಿರ ಮುಟ್ಟುವವರೆಗೂ ನೀವೇ ಬೆನ್ನು ಹತ್ತಬೇಕು.

ಇನ್ನು ಕೋರ್ಸು. ಬೇಡ ಅಂತಲೇ ಹೇಳುತ್ತೇನೆ. ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಮಾನಸಿಕ ಆರೋಗ್ಯದ ಓದು ಇಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ತೀವ್ರ ಖಿನ್ನತೆಯವರ ಜೊತೆ 6ರಿಂದ 8 ಭೇಟಿ ಮಾಡಿಸಿದರು. 3 ತಿಂಗಳಿಗೆ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಈ ಭೇಟಿಗಳು ಸಿಗದೆ ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ 39. ಅವರು ಬಳಸಿದ ವಿದ್ಯೆ ಬಹಳ ಸರಳ. ನಮ್ಮ ಭಾಗ್ಯನಗರದ ಒಬ್ಬ ನೇಕಾರರು "ಮನಸ್ಸು ಸರಿಯಾಗಲಿ, ಆಮೇಲೆ ಮಗ್ಗಕ್ಕೆ ಕೂರ್ತೀನಿ" ಅನ್ನುತ್ತಾರೆ ಅಂದುಕೊಳ್ಳಿ. ಇಲ್ಲಿ ಅದನ್ನು ತಿರುಗಿಸುತ್ತಾರೆ. ಸೋಮವಾರ ಬೆಳಿಗ್ಗೆ 8ಕ್ಕೆ ತಮ್ಮನ ಜೊತೆ ಚಹಾ ಅಂಗಡಿ, ವಾಪಸ್ ಬಂದು ಅರ್ಧ ಗಂಟೆ ಮಗ್ಗ, ಅಷ್ಟೇ. ಮನಸ್ಸು ಹಿಂದೆ ಬರುತ್ತದೆ.

ಆದರೆ ಅಲ್ಲಿ ಕೆಲಸ ಮಾಡಿದ್ದು ಬರೀ ತರಬೇತಿಯಲ್ಲ. ಆ ಕಾರ್ಯಕರ್ತರು ತಮ್ಮ ಭೇಟಿಗಳನ್ನು ರೆಕಾರ್ಡ್ ಮಾಡಿ, ಒಟ್ಟಿಗೆ ಕೂತು ಕೇಳಿ, ಒಬ್ಬರಿಗೊಬ್ಬರು ಅಂಕ ಕೊಡುತ್ತಿದ್ದರು. 8,000 ರೂಪಾಯಿ ಕೇಳುವವರಿಗೆ ಒಂದು ಪ್ರಶ್ನೆ ಹಾಕಿ: ಕೋರ್ಸ್ ಮುಗಿದ ಮೇಲೆ ನನ್ನ ಕೇಸನ್ನು ಯಾರು ಕೇಳುತ್ತಾರೆ? ಉತ್ತರ ಇಲ್ಲದಿದ್ದರೆ ನಿಮಗೆ ಸಿಗುವುದು ಗೋಡೆಗೆ ಹಾಕುವ ಸರ್ಟಿಫಿಕೇಟ್. ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಬಂದಾಗ, ಓಪಿಡಿ ಮುಗಿದ ಮೇಲೆ 20 ನಿಮಿಷ ಕೇಳಿಕೊಳ್ಳಿ. ಪಕ್ಕದ ತಾಲ್ಲೂಕುಗಳ ಇಬ್ಬರು ಮೂವರು ಕೌನ್ಸೆಲರುಗಳನ್ನು ಸೇರಿಸಿಕೊಳ್ಳಿ. ಹೆಸರು, ಊರು ಹೇಳದೆ, ಚೆನ್ನಾಗಿ ಆದ ಕೇಸಲ್ಲ, ಕೆಟ್ಟದ್ದನ್ನೇ ಮುಂದಿಡಿ.

ಹೀಗೆ ಮನೋವೈದ್ಯರಲ್ಲದವರಿಗೆ ಕಲಿಸಿ ಕೆಲಸ ಮಾಡಿಸುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ ಕೆಲಸ ಶುರು ಮಾಡಿದರು. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ, ನಿಮಗೂ ಆಗಬೇಕು.

ಕೊನೆಗೆ, ಟಾಲ್ಮನ್ ಮಾಡಿದ್ದನ್ನು ನೀವೂ ಮಾಡಿ. ಫೋನ್ ಮಾಡಿ. ಆದರೆ ನಮ್ಮಲ್ಲಿ ಮೊಬೈಲ್ ಹೆಚ್ಚಾಗಿ ಗಂಡನದ್ದೋ ಮಗನದ್ದೋ ಆಗಿರುತ್ತದೆ, ಕೌನ್ಸೆಲಿಂಗ್‌ನಿಂದ ಅಂತ ನೀವು ಅಂದರೆ ಅಲ್ಲೇ ಗುಟ್ಟು ರಟ್ಟು. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ: ನಾನು ಫೋನ್ ಮಾಡಬಹುದಾ, ಯಾವ ಹೊತ್ತಿಗೆ, ಬೇರೆಯವರು ಎತ್ತಿದರೆ ಯಾರು ಅಂತ ಹೇಳಲಿ? ಉತ್ತರವನ್ನು ರಿಜಿಸ್ಟರಿನ ಪಕ್ಕದ ಕಾಲಂನಲ್ಲಿ ಬರೆದಿಡಿ. ಇವತ್ತಿನಿಂದ ಬರುವ ಮೊದಲ 10 ಜನರಿಗೆ ಹೀಗೆ ಕೇಳಿ, 3 ವಾರದ ನಂತರ ಫೋನ್ ಮಾಡಿ, ಅವರು ಏನಂದರು ಅಂತ ನನಗೆ ಬರೆಯಿರಿ. ನಿಮ್ಮ ಹೆಸರಿಲ್ಲದೆಯೇ ಹಾಕುತ್ತೇವೆ.

— ಸಂಪಾದಕ