ಜ್ವರ ಬಿಟ್ಟ ಮೇಲೂ ಯಾಕಿಷ್ಟು ಸುಸ್ತು, ಎಷ್ಟು ದಿನ ಮಲಗಬೇಕು?

ನೀವು ಕೇಳಿದ್ದು ಎರಡು ವಿಷಯ. ಫ್ಲೂ ವೈರಸ್ ಇರುವುದು ಮೂಗು, ಗಂಟಲು, ಎದೆಯಲ್ಲಿ. ಹಾಗಿದ್ದರೆ ಮೈಕೈ ಎಲ್ಲ ಯಾಕೆ ನೋಯುತ್ತದೆ? ಜ್ವರ ಬಿಟ್ಟ ಮೇಲೂ ಮಲಗಿಯೇ ಇರಬೇಕಾ? ನಾನು ಡಾಕ್ಟರಲ್ಲ, ಶಿರಸಿಯಲ್ಲಿ ಕಾಲೇಜು ಮಕ್ಕಳಿಗೆ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವಳು. ಮೊದಲನೆಯದಕ್ಕೆ ಉತ್ತರ ಓದಿ ಗೊತ್ತು, ಎರಡನೆಯದು ಮನೆಯಲ್ಲೇ ಕಲಿತದ್ದು.

ಆ ಮೈಕೈ ನೋವು ಬಹುಪಾಲು ವೈರಸ್ ಕೊಟ್ಟದ್ದಲ್ಲ, ನಿಮ್ಮ ದೇಹವೇ ಎಬ್ಬಿಸಿದ್ದು. ಫ್ಲೂ ಒಂದು ಆರ್‌ಎನ್‌ಎ ವೈರಸ್, ಅಂದರೆ ಅದರ ವಂಶವಾಹಿ ಬರೆದಿರುವುದು ಡಿಎನ್‌ಎಯಲ್ಲಲ್ಲ, ಆರ್‌ಎನ್‌ಎಯಲ್ಲಿ. ಶ್ವಾಸನಾಳದ ಜೀವಕೋಶದೊಳಗೆ ಹೊಕ್ಕು ತನ್ನ ಪ್ರತಿ ಮಾಡಿಕೊಳ್ಳಲು ಶುರುಮಾಡಿದಾಗ, ಅದರ ಆರ್‌ಎನ್‌ಎಯ ತುದಿ ನಮ್ಮದರ ಹಾಗಿಲ್ಲ ಎನ್ನುವುದನ್ನು ರಿಗ್-ಐ ಎಂಬ ಪ್ರೋಟೀನ್ ಪತ್ತೆ ಹಚ್ಚುತ್ತದೆ. ಕೂಡಲೇ ಆ ಜೀವಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಬಿಡುತ್ತದೆ. ರಾತ್ರಿ ತೋಟಕ್ಕೆ ಹಂದಿ ನುಗ್ಗಿದಾಗ ಮೇಲಿನ ಮನೆಯವರು ಕೂಗು ಹಾಕಿದರೆ ಕೆಳಗಿನ ಮನೆಯವರು ಎದ್ದು ಬೇಲಿ ನೋಡಿಕೊಳ್ಳುತ್ತಾರಲ್ಲ, ಹಾಗೆ. ಕೂಗು ಹಾಕಿದ ಕೋಶ ಸತ್ತರೂ ಅಕ್ಕಪಕ್ಕದವು ವೈರಸ್ಸಿಗೆ ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ಈ ಕೂಗು, ಜೊತೆಗೆ ಬೇರೆ ಕೆಲವು ಸಂದೇಶಗಳು ರಕ್ತಕ್ಕೆ ಸೇರಿ ಮಿದುಳಿಗೂ ತಲುಪುತ್ತವೆ. ಜ್ವರ, ಚಳಿ, ಮೈಕೈ ನೋವು, ಊಟ ಸೇರದಿರುವುದು ಎಲ್ಲ ಅಲ್ಲಿಂದಲೇ. ಹೆಪಟೈಟಿಸ್ ಸಿ ರೋಗಿಗಳಿಗೆ ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರು. ಫ್ಲೂ ವೈರಸ್ ಒಂದೂ ಇಲ್ಲದೆ ಅವರಿಗೆ ಥೇಟ್ ಫ್ಲೂ ಬಂದ ಹಾಗೇ ಆಗುತ್ತಿತ್ತು.

ಇಂಟರ್‌ಫೆರಾನನ್ನು ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಲಂಡನ್ನಿನಲ್ಲಿ ಕಂಡುಹಿಡಿದದ್ದು 1957ರಲ್ಲಿ. ಏಷ್ಯನ್ ಫ್ಲೂ ಲೋಕವೆಲ್ಲ ಸುತ್ತಿದ್ದೂ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದೂ ಅದೇ ವರ್ಷ. ಅದೂ ಆರ್‌ಎನ್‌ಎ ವೈರಸ್ಸೇ, ಆದರೆ ಬರುವುದು ಉಣುಗು ಕಚ್ಚಿ, ಉಸಿರಿನಿಂದಲ್ಲ.

ಇಂಟರ್‌ಫೆರಾನಿನ ಈ ಮೊದಲ ಕಾವಲಿಗೆ ಯಾವ ವೈರಸ್ ಎಂಬ ನಿಖರ ಗುರುತು ಬೇಕಿಲ್ಲ. ಗುರುತು ಹಿಡಿದು ಹೊಡೆಯುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಸಾಕಷ್ಟು ಸಂಖ್ಯೆಯಲ್ಲಿ ಎದೆಗೆ ಬರಲು ಐದಾರು ದಿನ ಬೇಕು, ವೈರಸ್ಸಿಗೆ ಅಂಟಿಕೊಂಡು ತಡೆಯುವ ಹೊಸ ಆಂಟಿಬಾಡಿಗೆ ಒಂದೆರಡು ವಾರ. ಹಾಗಾಗಿ ಮೂರ್ನಾಲ್ಕನೇ ದಿನ ಜ್ವರ ಇಳಿದಾಗ ಒಳಗಿನ ಕೆಲಸ ಅರ್ಧಕ್ಕಷ್ಟೇ ಬಂದಿರುತ್ತದೆ.

ನಮ್ಮ ಅಪ್ಪಯ್ಯನಿಗೆ ಆದದ್ದೇ ಇದು. ಆಷಾಢದ ಮಳೆ, ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಹೊತ್ತು. ನಾಲ್ಕನೇ ದಿನ “ಜ್ವರ ಬಿಟ್ಟೋತು” ಎಂದು ಕಂಬಳಿ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಇಳಿದೇಬಿಟ್ಟರು. ಆಯಿ ಕಷಾಯದ ಲೋಟ ಹಿಡಿದು ಜಗುಲಿಯಲ್ಲೇ ನಿಂತಿದ್ದಳು. ಎಂಟನೇ ದಿನ ರಾತ್ರಿ ಮತ್ತೆ ಜ್ವರ ಏರಿತು, ಮೆಟ್ಟಿಲು ಹತ್ತಿದರೆ ಏದುಸಿರು, ಕಫದಲ್ಲಿ ತುಕ್ಕಿನ ಬಣ್ಣ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ತೋಟಕ್ಕೆ ಇಳಿದದ್ದರಿಂದಲೇ ಬಂತು ಎಂದು ನಾನು ಹೇಳಲಾರೆ. ಶ್ವಾಸನಾಳದಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳಿರುತ್ತವೆ. ಫ್ಲೂ ಆ ರೋಮಗಳಿರುವ ಕೋಶಗಳನ್ನೇ ಹಾಳುಮಾಡುತ್ತದೆ, ಆಗ ಬ್ಯಾಕ್ಟೀರಿಯಾಕ್ಕೆ ದಾರಿ ಸಲೀಸು. ಕೋಶಗಳು ಮತ್ತೆ ಬೆಳೆಯಲು ವಾರಗಳೇ ಬೇಕು; ಕೆಮ್ಮು ಅಷ್ಟು ದಿನ ಎಳೆಯುವುದೂ ಇದರಿಂದಲೇ. ಅಪ್ಪಯ್ಯನಿಗೆ ಆಗ ಆಂಟಿಬಯಾಟಿಕ್ ಬೇಕಿತ್ತು, ಕೊಟ್ಟರು, ಗುಣವಾಯಿತು. ಮೊದಲ ದಿನವೇ ಮೆಡಿಕಲ್ ಶಾಪಿನಿಂದ ತಂದು ನುಂಗಿದ್ದರೆ ವೈರಸ್ಸಿಗೆ ಏನೂ ಆಗುತ್ತಿರಲಿಲ್ಲ.

ಆದ್ದರಿಂದ ಜ್ವರ ಬಿಟ್ಟ ಮೇಲೂ ಮೂರ್ನಾಲ್ಕು ದಿನ ಭಾರದ ಕೆಲಸ ಬೇಡ. ಇಳಿದ ಜ್ವರ ಮತ್ತೆ ಏರಿದರೆ, ಉಸಿರು ಕಟ್ಟಿದರೆ, ವಯಸ್ಸಾದವರು ಮಂಕಾಗಿ ತಡವರಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಫ್ಲೂ ವೈರಸ್ ಪ್ರತಿ ಮಾಡುವಾಗ ಆಗುವ ತಪ್ಪುಗಳನ್ನು ತಿದ್ದಿಕೊಳ್ಳುವುದಿಲ್ಲ, ಹಾಗಾಗಿ ಅದರ ಮೇಲ್ಮೈ ಬದಲಾಗುತ್ತಲೇ ಇರುತ್ತದೆ. ಹೋದ ಸಲದ ಆಂಟಿಬಾಡಿಗೆ ಈ ಸಲದ್ದು ಪೂರ್ತಿ ಗುರುತು ಸಿಗದು. ಲಸಿಕೆಯನ್ನು ವರ್ಷ ವರ್ಷ ಹಾಕಿಸಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಅಪ್ಪಯ್ಯನಿಗೆ ನಾವೀಗ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಹಾಕಿಸುತ್ತೇವೆ.