ಸಂಪಾದಕರ ಉತ್ತರ: ಉರುಕಾ ಊಟಕ್ಕೆ ತಪ್ಪುಕಾಣಿಕೆ ಏಕೆ?

ಬ್ಯಾಂಕಿನ ವರ್ಗಾವಣೆಯಿಂದ ಹಾಸನ ಬಿಟ್ಟು ಅಸ್ಸಾಮಿನ ಜೋರ್ಹಾಟಿಗೆ ಹೋಗಿರುವ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಈ ಸಲದ ಸಂಕ್ರಾಂತಿಯನ್ನು ಅವರು, ಪರಿಚಯವಾಗಿ ಕೆಲವೇ ತಿಂಗಳಾದ ನೆರೆಯವರೊಂದಿಗೆ, ಅಲ್ಲಿನ ಸುಗ್ಗಿ ಹಬ್ಬವಾದ ಮಾಘ ಬಿಹುವಿನ ಹಿಂದಿನ ರಾತ್ರಿಯ ಉರುಕಾ ಊಟದಲ್ಲಿ ಕಳೆದರಂತೆ. ಸುದ್ದಿ ಕೇಳಿದ ತಾಯಿ ‘ಮೀನು ಬೇಯುವಲ್ಲಿ ಕೂತು ಹಬ್ಬ ಮಾಡಿದೆಯಾ’ ಎಂದು ನೊಂದುಕೊಂಡರೆ, ಅಲ್ಲಿನ ಕನ್ನಡಿಗರ ಬಳಗದವರು ‘ಭಾನುವಾರ ನಮ್ಮ ಜೊತೆ ಸೇರಬಹುದಿತ್ತಲ್ಲ’ ಎಂದು ಮುನಿಸಿಕೊಂಡಿದ್ದಾರೆ. ತಾನು ಮಾಡಿದ್ದು ತಪ್ಪೇ, ಯುಗಾದಿಯನ್ನಾದರೂ ಯಾರೊಂದಿಗೆ ಮಾಡಬೇಕು ಎಂಬುದು ಅವರ ಪ್ರಶ್ನೆ.

ತಪ್ಪೇನೂ ಇಲ್ಲ. ತಪ್ಪಿದ್ದರೆ ಅದು ಪತ್ರದಲ್ಲಿದೆ: ಪುಟಗಟ್ಟಲೆ ಸಮಜಾಯಿಷಿ ಕೊಟ್ಟಿರುವ ನೀವು, ತಿಲ ಪೀಠಾ ಮಾಡಲು ಕಲಿತ ಸಂಗತಿಯನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಬೇಕಾಗಿದ್ದುದು ಅದೇ. ನೆನೆಸಿ ಕುಟ್ಟಿದ ಬೋರಾ ಎಂಬ ಅಂಟು ಅಕ್ಕಿಯ ಹಸಿ ಹಿಟ್ಟನ್ನು ಕಾದ ಬಾಣಲೆಯ ಮೇಲೆ ತೆಳ್ಳಗೆ ಉದುರಿಸಿ, ನಡುವೆ ಹುರಿದ ಕರಿ ಎಳ್ಳು, ಬೆಲ್ಲ ಇಟ್ಟು, ಅಂಟು ಹಿಡಿಯುವ ಕ್ಷಣ ನೋಡಿ ಸುರುಳಿ ಸುತ್ತಬೇಕು. ನಿಮ್ಮದು ಪ್ರತಿ ಸಲವೂ ಹರಿದುಹೋಯಿತು, ಪಕ್ಕದ ಮನೆಯ ಅಜ್ಜಿ ಹರಿದದ್ದನ್ನೇ ಆಯ್ದು ತಿಂದರು ಎಂದಿದ್ದೀರಿ. ಹಾಸನದ ಬಿಳಿ ಎಳ್ಳು ಅಲ್ಲಿ ಕರಿ ಎಳ್ಳಾಯಿತು, ಅಷ್ಟೇ. ಬೆಳಗ್ಗೆ ಮಿಂದು, ‘ಮೇಜಿ’ ಎಂಬ ಬಿದಿರು, ಹುಲ್ಲಿನ ಒಟ್ಟಿಲಿಗೆ ಬೆಂಕಿ ಕೊಡುವುದನ್ನು ಕಂಡು ಬೆರಗಾಯಿತು ಎಂದು ಬರೆದಿರುವ ನಿಮಗೆ, ಅದೇ ದಿನ ಸಂಜೆ ನಮ್ಮ ಹಳೇ ಮೈಸೂರಿನ ಹಳ್ಳಿಗಳಲ್ಲಿ ದನಗಳನ್ನು ಕಿಚ್ಚು ಹಾಯಿಸುತ್ತಾರೆಂಬುದು ನೆನಪಾಗದೆ ಹೋದದ್ದು ಆಶ್ಚರ್ಯ. ಬಿಹುವಿನ ಮುಂಜಾನೆ ನಿಮ್ಮ ಮುಂದಿಟ್ಟ ‘ಜಲಪಾನ’ ಎಂಬ ಉಪಾಹಾರದ ಚಿರಾ, ದೊಯಿ, ಗುಡ್ ಎಂಬ ಮೂರೂ ನಮ್ಮ ಅವಲಕ್ಕಿ, ಮೊಸರು, ಬೆಲ್ಲವೇ. ತಾಯಿಯವರಿಗೆ ಮೀನಿನ ವಿಷಯಕ್ಕೆ ಮೊದಲು ಇದನ್ನು ಹೇಳಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು.

ಕನ್ನಡಿಗರ ಬಳಗದವರ ಮಾತಿನಲ್ಲಿಯೂ ನ್ಯಾಯವಿದೆ. ಮುಂಬಯಿಯ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದ್ದು ಇಂಥದೇ ಒಂಟಿತನಕ್ಕೆ ಉತ್ತರವಾಗಿ ಎಂದು ನಾನು ಭಾವಿಸುತ್ತೇನೆ. ಮಕ್ಕಳ ಕಿವಿಯ ಮೇಲೆ ಕನ್ನಡ ಬೀಳಬೇಕಾದರೆ ಸಂಘಗಳೂ ಬೇಕು. ಆದರೆ ಹಬ್ಬ ಯಾವ ವಾರ ಬಂದರೂ ಭಾನುವಾರಕ್ಕೆ ತಳ್ಳಿ, ಬಾಡಿಗೆ ಸಭಾಂಗಣದಲ್ಲಿ ದೀಪ ಬೆಳಗಿ, ಅಧ್ಯಕ್ಷರ ಭಾಷಣ ಕೇಳಿ, ಅಡುಗೆ ಗುತ್ತಿಗೆಯವರ ಬಿಸಿಬೇಳೆಬಾತು ಉಂಡು ಬರುವುದನ್ನು ನಾನು ವಾರ್ಷಿಕೋತ್ಸವ ಎನ್ನುತ್ತೇನೆ. ಅಂದು ಅಲ್ಲಿದ್ದವರೆಲ್ಲ ನಮ್ಮವರೇ ಆಗಿರುತ್ತಾರೆ. ಸಂಕ್ರಾಂತಿಯಂತೂ ನಮ್ಮವರಲ್ಲದವರ ಬಾಗಿಲಿಗೆ ಹೋಗುವ ಹಬ್ಬ.

ಇದನ್ನು ನನಗೆ ತಿಳಿಸಿಕೊಟ್ಟದ್ದು ಮೈಸೂರು. ಧಾರವಾಡದಿಂದ ಕೆಲಸಕ್ಕೆಂದು ಅಲ್ಲಿಗೆ ಬಂದ ಹೊಸತರಲ್ಲಿ, ಮನೆ ಬಾಡಿಗೆಗೆ ಕೊಡುವವರು ಹೆಸರಿಗಿಂತ ಮೊದಲು ‘ನೀವು ಯಾವ ಪೈಕಿ’ ಎಂದು ಕೇಳಿದ್ದರು. ಆದರೆ ಹಬ್ಬದ ಸಂಜೆ ಎದುರುಮನೆಯ ಹುಡುಗಿ ಏನನ್ನೂ ಕೇಳದೆ ತಟ್ಟೆ ಚಾಚಿದಳು: ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ, ಒಂದು ತುಂಡು ಕಬ್ಬು, ಜೊತೆಗೆ ಗಿಳಿಯಾಕಾರದ ಸಕ್ಕರೆ ಅಚ್ಚು. ಕುಸುರೆಳ್ಳಿನ ನಾಡಿನವನಾದ ನಾನು ಆ ಗಿಳಿಯನ್ನು ತಿನ್ನಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ತಿರುಗಿಸಿ ತಿರುಗಿಸಿ ನೋಡಿದೆ. ಆಕೆ ನಕ್ಕು ಓಡಿದಳು. ಆ ಊರಿನಲ್ಲಿ ನನಗೆ ಹತ್ತಿದ ಮೊದಲ ಸ್ನೇಹ ಆ ಮನೆಯದು.

ಈಗ ತಾಯಿಯವರ ಆಕ್ಷೇಪಕ್ಕೆ ಬರೋಣ. ಬಿದಿರು, ಹುಲ್ಲಿನ ಆ ಭೇಲಾಘರವೆಂಬ ಹಬ್ಬದ ಗುಡಿಸಲಿನಲ್ಲಿ ಮೀನೂ ಬಾತುಕೋಳಿಯೂ ಬೆಂದದ್ದು ನಿಜ. ಅವರ ಹಬ್ಬದಲ್ಲಿ ಅದು ಸಹಜ. ಆದರೆ ನಿಮಗಾಗಿ ಬೇರೆ ಒಲೆ ಹೂಡಿ, ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸಿಟ್ಟರು ಎಂದು ನೀವೇ ಬರೆದಿದ್ದೀರಿ. ಅಲ್ಲಿನ ಆ ಬೇರೆ ಪಾತ್ರೆಯನ್ನು ನಮ್ಮ ನಡವಳಿಕೆಯ ಪಕ್ಕಕ್ಕಿಟ್ಟು ನೋಡಿ: ಬೆಂಗಳೂರಿಗೆ ಬಂದ ಅಸ್ಸಾಮಿ ಹುಡುಗಿಗೆ ನಮ್ಮ ಬಡಾವಣೆಗಳಲ್ಲಿ ಕಾಣುವುದು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ.

2012ರ ಆಗಸ್ಟ್ ಮಧ್ಯದಲ್ಲಿ ಏನಾಯಿತೆಂಬುದನ್ನು ನಾವು ಬೇಗ ಮರೆತೆವು. ಅಸ್ಸಾಮಿನ ಕೊಕ್ರಝಾರ್ ಕಡೆಯ ಗಲಭೆಗಳ ಬೆನ್ನಿಗೆ, ತಮ್ಮ ಮೇಲೆ ದಾಳಿಯಾಗುತ್ತದೆಂದು ಹಬ್ಬಿದ ವದಂತಿಗೆ ಹೆದರಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಸಾಮೂಹಿಕ ಎಸ್ಸೆಮ್ಮೆಸ್‌ಗಳಿಗೆ ಕಡಿವಾಣ ಬಿತ್ತು, ಮಂತ್ರಿಗಳು ನಿಲ್ದಾಣಕ್ಕೇ ಹೋಗಿ ಧೈರ್ಯ ಹೇಳಿದರು. ಮೊಬೈಲಿಗೆ ಬಂದ ಒಂದು ಸಾಲಿನ ಸುಳ್ಳನ್ನು ಅವರು ನಂಬಿದ್ದೇಕೆ? ಅದು ಸುಳ್ಳೆಂದು ಬಾಗಿಲಿಗೆ ಬಂದು ಹೇಳುವಷ್ಟು ಬಳಕೆಯ ನೆರೆಯವರು ಅವರಲ್ಲಿ ಬಹಳ ಜನಕ್ಕೆ ಇರಲಿಲ್ಲ ಎಂಬುದು ನನ್ನ ಅಂದಾಜು. ವರ್ಷಕ್ಕೊಂದು ಸಲ ಎಳ್ಳಿನ ತಟ್ಟೆ ಆ ಬಾಡಿಗೆ ಕೋಣೆಗಳಿಗೆ ಹೋಗಿದ್ದರೆ ಎಲ್ಲರೂ ಉಳಿಯುತ್ತಿದ್ದರೆಂದು ಹೇಳಲಾರೆ. ಕೆಲವರಾದರೂ ಟಿಕೆಟ್ ಕೊಳ್ಳುವ ಮೊದಲು ಪಕ್ಕದ ಮನೆಯ ಕದ ತಟ್ಟುತ್ತಿದ್ದರು. ಇಂದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿಯೂ ಅಸ್ಸಾಮಿನ ಕುಟುಂಬಗಳಿವೆ. ಹಣ್ಣು ಕೊಯ್ಯಲು ಅವರು ಬೇಕು, ಸುಗ್ಗಿಯ ಹಬ್ಬಕ್ಕೆ ಅವರನ್ನು ಕರೆಯುವವರು ಎಷ್ಟು ಜನ? ನಮ್ಮ ಅಪಾರ್ಟ್‌ಮೆಂಟುಗಳ ಎಳ್ಳಂತೂ ತಯಾರಾದ ಪೊಟ್ಟಣದಲ್ಲಿ ಬಂದು, ಪರಿಚಯವಿರುವ ಮೂರು ಮನೆ ಸುತ್ತಿ, ಉಳಿದದ್ದು ಡಬ್ಬಿ ಸೇರುತ್ತದೆ. ಗೇಟಿನ ಕಾವಲುಗಾರನಿಗೆ ಸಿಗುವುದು ಮರುದಿನದ ತಣ್ಣನೆಯ ಪೊಂಗಲ್.

ಯುಗಾದಿಯ ಮಾತು. ಬಳಗದವರ ಕಾರ್ಯಕ್ರಮಕ್ಕೆ ಧಾರಾಳವಾಗಿ ಹೋಗಿ, ಅದು ಹೇಗೂ ಭಾನುವಾರವೇ ಇರುತ್ತದೆ. ಪಾಡ್ಯದ ದಿನ ಮಾತ್ರ ನೆರೆಯವರನ್ನು ಮನೆಗೆ ಕರೆದು ಹೋಳಿಗೆ ಬಡಿಸಿ, ಪೀಠಾ ಸುತ್ತಿದ ಅಜ್ಜಿಯ ಕೈಗೆ ಲಟ್ಟಣಿಗೆ ಕೊಡಿ; ಹರಿದರೆ ನೀವು ಆಯ್ದು ತಿನ್ನಿ. ಬೇವು ಬೆಲ್ಲಕ್ಕೆ ಮುಖ ಹಿಂಡಿಯಾರೆಂಬ ಅಳುಕು ಬೇಡ. ತಮ್ಮ ಹೊಸವರ್ಷದ ರೊಂಗಾಲಿ ಬಿಹುವಿನಲ್ಲಿ 101 ಬಗೆಯ ಸೊಪ್ಪು ಕೂಡಿಸಿ ತಿನ್ನುವ ಪದ್ಧತಿಯ ಜನ ಅವರು, ಕಹಿ ಅವರಿಗೆ ಹೊಸದಲ್ಲ. ತಾಯಿಯವರಿಗೆ ಈ ಸಂಚಿಕೆಯನ್ನು ಪ್ರತ್ಯೇಕವಾಗಿ ಕಳಿಸುತ್ತಿದ್ದೇವೆ. ಒಪ್ಪಿಗೆಯಾಗದಿದ್ದರೆ ಅವರು ನೇರವಾಗಿ ನನಗೇ ಬರೆಯಲಿ; ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಪ್ರಕಟಿಸುತ್ತೇನೆ.