ಸಣ್ಣ ಪಟವನ್ನು ಹಿಗ್ಗಿಸಿದರೆ ಚಿಟ್ಟಿ ಏಕೆ ಮಾಸುತ್ತದೆ?

ಮೊಬೈಲಿನಲ್ಲಿ ಉಳಿದಿರುವ 480×640 ಪಿಕ್ಸೆಲ್ಲಿನ (ಪಟದ ಬಣ್ಣದ ಚುಕ್ಕೆಗಳ) ಪಟದಿಂದ ಯಕ್ಷಗಾನದಲ್ಲಿ ನಿಮ್ಮ ಅಜ್ಜನವರು ಹಾಕಿದ ಬಣ್ಣದ ವೇಷವನ್ನು (ಮುಖಕ್ಕೆ ಚಿಟ್ಟಿ ಎಂಬ ಬಿಳಿಯ ಮುಳ್ಳುಗಳನ್ನಿಟ್ಟ ರಾಕ್ಷಸ ಪಾತ್ರದ ವೇಷ) 12×16 ಇಂಚಿಗೆ ಹಿಗ್ಗಿಸಬೇಕು, ತಂತ್ರಾಂಶದಲ್ಲಿ ಬೈಕ್ಯೂಬಿಕ್ ಎಂಬ ಹಿಗ್ಗಿಸುವ ವಿಧಾನವನ್ನು ಆರಿಸಿದರೆ ಸ್ಪಷ್ಟವಾಗಿ ಬರುತ್ತದೆಯೇ ಎಂದು ಕೇಳಿದ್ದೀರಿ. ಬರುವುದಿಲ್ಲ. ಕುಂಬಳೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ನನ್ನ ಬಳಿಗೆ ಇಂತಹ ಪಟಗಳು ಆಗಾಗ ಬರುತ್ತವೆ. ಕಾರಣವನ್ನು ಲೆಕ್ಕಸಹಿತ ಹೇಳುತ್ತೇನೆ.

ಇಂಚಿಗೆ 300 ಪಿಕ್ಸೆಲ್ಲಿನಂತೆ ಮುದ್ರಿಸಲು 3600×4800, ಅಂದರೆ 1,72,80,000 ಪಿಕ್ಸೆಲ್‌ಗಳು ಬೇಕು, ನಿಮ್ಮಲ್ಲಿರುವುದು 3,07,200. ಗೋಡೆಯ ಮೇಲೆ ಕಾಣುವ ಪ್ರತಿ 56 ಚುಕ್ಕೆಗಳಲ್ಲಿ ಕ್ಯಾಮೆರಾ ಕಂಡದ್ದು ಒಂದರಷ್ಟೇ, ಉಳಿದ 55 ತಂತ್ರಾಂಶವು ಅಕ್ಕಪಕ್ಕದ ಬಣ್ಣ ನೋಡಿ ಲೆಕ್ಕಹಾಕಿ ತುಂಬಿದವು. ಆ ಲೆಕ್ಕವೇ ಇಂಟರ್‌ಪೊಲೇಶನ್. ಹತ್ತಿರದ ಒಂದೇ ಪಿಕ್ಸೆಲ್ಲನ್ನು ನಕಲಿಸಿದರೆ ಅಂಚುಗಳು ಮೆಟ್ಟಿಲುಗಳಂತೆ ಒಡೆಯುತ್ತವೆ. ಬೈಲೀನಿಯರ್ ಎಂಬ ವಿಧಾನ ಸುತ್ತಲಿನ 4 ಪಿಕ್ಸೆಲ್‌ಗಳನ್ನು ನೋಡುತ್ತದೆ, ಬೈಕ್ಯೂಬಿಕ್ 16ನ್ನು. ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಹೊಳಪು 100 ಮತ್ತು 200 ಆಗಿದ್ದರೆ ಅವುಗಳ ನಟ್ಟನಡುವೆ ಬೈಲೀನಿಯರ್ 150ನ್ನು ಇಡುತ್ತದೆ; ಅಲ್ಲಿ ನಿಜವಾಗಿ ಸಣ್ಣದೊಂದು ಕಪ್ಪು ಗೆರೆ ಇದ್ದಿದ್ದರೂ ಅದನ್ನು ತಿಳಿಯುವ ದಾರಿ ಅದಕ್ಕಿಲ್ಲ.

ಬಣ್ಣದ ವೇಷದಲ್ಲಿ ಈ ಮಿತಿ ಮೊದಲು ಕಾಣುವುದು ಚಿಟ್ಟಿಯಲ್ಲಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಗಂಟೆಗಟ್ಟಲೆ ಕುಳಿತು ಇಟ್ಟ ಆ ಮುಳ್ಳುಗಳು ಇಂತಹ ಸಣ್ಣ ಪಟದಲ್ಲಿ ಒಂದೆರಡು ಪಿಕ್ಸೆಲ್‌ಗಳೊಳಗೆ ಅಡಗಿಹೋಗಿರುತ್ತವೆ. ಒಮ್ಮೆ ನಾನು ಹೀಗೆಯೇ ಹಿಗ್ಗಿಸಿದಾಗ ಕೆನ್ನೆಯ ಮೇಲೆ ಹಿಟ್ಟು ಒರೆಸಿದಂತೆ ಬಿಳಿಯ ಪಟ್ಟೆಯಷ್ಟೇ ಉಳಿದಿತ್ತು. ಬೈಕ್ಯೂಬಿಕ್ ಅಂಚನ್ನು ತುಸು ಚೂಪುಗೊಳಿಸಿದರೂ ಕಿರೀಟದ ಸುತ್ತ ಇಲ್ಲದ ಬೆಳಕಿನ ಗೆರೆಯೊಂದನ್ನು ಎಬ್ಬಿಸಿತ್ತು. ವೇದಿಕೆಯ ಹಿಂದಿನ ಬ್ಯಾನರಿಗಾದರೆ ಇದು ನಡೆಯುತ್ತದೆ, ದೂರದಿಂದ ನೋಡುವವರಿಗೆ ತಿಳಿಯುವುದಿಲ್ಲ. ಮನೆಯ ಗೋಡೆಯ ಪಟವನ್ನು ಮೊಮ್ಮಕ್ಕಳು ಹತ್ತಿರ ನಿಂತು ನೋಡುತ್ತಾರೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಚಿಟ್ಟಿಯನ್ನು ಚೆಂದವಾಗಿ ಬಿಡಿಸಿಕೊಡಬಹುದು, ಆದರೆ ಅದು ನಿಮ್ಮ ಅಜ್ಜನವರು ಇಟ್ಟ ಚಿಟ್ಟಿಯಲ್ಲ. ತೀರಿಹೋದವರ ಮುಖಕ್ಕೆ ಅದನ್ನು ಬಳಸಲು ನಾನು ಒಪ್ಪುವುದಿಲ್ಲ.

ಮೊದಲು ಮನೆಯ ಆಲ್ಬಮ್ಮಿನಲ್ಲಿ ಕಾಗದದ ಮೂಲ ಪ್ರತಿಯನ್ನು ಹುಡುಕಿಸಿ. 4×6 ಇಂಚಿನ ಪ್ರತಿ ಸಿಕ್ಕಿದರೆ ಇಂಚಿಗೆ 600ರಂತೆ ಸ್ಕ್ಯಾನ್ ಮಾಡಿದಾಗ 2400×3600 ಪಿಕ್ಸೆಲ್ ದೊರೆಯುತ್ತದೆ, 12 ಇಂಚಿನ ಅಗಲಕ್ಕೆ ಇಂಚಿಗೆ 200 ಪಿಕ್ಸೆಲ್ ಆಗುತ್ತದೆ; 300 ಅಲ್ಲದಿದ್ದರೂ ಮೂಲ ಪ್ರತಿ ಸ್ಪಷ್ಟವಾಗಿದ್ದರೆ ಅಷ್ಟು ಸಾಕು. ಆ ಕಡತವನ್ನು ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವಾದರೆ ಅದು ಮತ್ತೆ ಕುಗ್ಗುತ್ತದೆ. ಮೂಲ ಪ್ರತಿ ಸಿಗದಿದ್ದರೆ ಇರುವುದನ್ನೇ 3×4 ಇಂಚಿಗೆ ಮುದ್ರಿಸಿ, ಸುತ್ತಲೂ ಅಗಲವಾದ ಬಿಳಿ ಅಂಚು ಬಿಟ್ಟು ದೊಡ್ಡ ಚೌಕಟ್ಟು ಹಾಕಿಸಿ.